ಲಾರಿ ಓಡ್ತಿದೆ, ಲೆಕ್ಕ ಎಲ್ಲಿದೆ? ಸ್ವಂತ ಗಾಡಿ ಇರುವ ಚಾಲಕರು ಖರ್ಚು ಬರೆದಿಡುವುದು ಹೇಗೆ

ದಾವಣಗೆರೆ: ಲಾರಿ ಕ್ಯಾಬಿನ್‌ನ ಸನ್ ವೈಸರ್ ಎಳೆದರೆ ಸಾಕು, ಡೀಸೆಲ್ ಚೀಟಿ, ತೂಕದ ಚೀಟಿ, ಪಂಕ್ಚರ್ ಬಿಲ್, ಅರ್ಧ ಹರಿದ ಎಲ್‌ಆರ್ ಕಾಪಿ ಎಲ್ಲಾ ಒಟ್ಟಿಗೆ ಮಡಿಲಿಗೆ ಬೀಳುತ್ತವೆ. ಜಿಲ್ಲೆಯಲ್ಲಿ ಒಂದೋ ಎರಡೋ ಗಾಡಿ ಇಟ್ಟುಕೊಂಡು ತಾವೇ ಸ್ಟೇರಿಂಗ್ ಹಿಡಿಯುವ ಬಹಳಷ್ಟು ಮಂದಿಯ ಲೆಕ್ಕಪತ್ರ ಇರೋದು ಅಲ್ಲೇ. ಮಾರ್ಚ್ ಮುಗಿದು ಆಡಿಟರ್ ಹತ್ತಿರ ಹೋಗುವಾಗ ಆ ಚೀಟಿಗಳಲ್ಲಿ ಅರ್ಧಕ್ಕೆ ಅಕ್ಷರವೇ ಇರಲ್ಲ.

"ನಮಗೆ ತೆರಿಗೆಯೇ ಬರಲ್ಲ, ಲೆಕ್ಕ ಯಾಕೆ ಬರೀಬೇಕು?" ಅನ್ನೋದು ಲಾರಿ ಸ್ಟ್ಯಾಂಡ್‌ನಲ್ಲಿ ಸಾಮಾನ್ಯವಾಗಿ ಬರುವ ಮಾತು. ಅದರಲ್ಲಿ ಅರ್ಧ ನಿಜ ಇದೆ. ಒಂದು ಗಾಡಿ ಇರುವವರಿಗೆ ಹೆಚ್ಚಿನ ಸಲ ತೆರಿಗೆ ಸೊನ್ನೆಯೇ ಆಗುತ್ತೆ. ಆದ್ರೆ ಎರಡನೇ ಗಾಡಿಗೆ ಸಾಲ ಕೇಳಿದಾಗ, ಬಾಡಿಗೆಯಲ್ಲಿ ಟಿಡಿಎಸ್ ಕಡಿತ ಆದಾಗ, ಗಾಡಿ ಮೂರು ತಿಂಗಳು ಗ್ಯಾರೇಜ್‌ನಲ್ಲಿ ನಿಂತಾಗ, ರಸ್ತೆಯಲ್ಲಿ ಏನಾದ್ರೂ ಆಗಬಾರದ್ದು ಆದಾಗ ಕೇಳೋದು ಒಂದೇ: ದಾಖಲೆ ಎಲ್ಲಿದೆ?

ಮೊದಲು ತೆರಿಗೆ ಇಲಾಖೆ ಏನು ಕೇಳುತ್ತೆ, ಆಮೇಲೆ ಪುಸ್ತಕ ಹೇಗೆ ಇಡಬೇಕು ಅನ್ನೋದನ್ನು ನೋಡೋಣ.

ಟನ್ ಲೆಕ್ಕದ ಆದಾಯ: 44ಎಇ

ಆದಾಯ ತೆರಿಗೆ ಕಾಯ್ದೆಯಲ್ಲಿ ಸರಕು ಸಾಗಣೆ ಗಾಡಿಗಳ ಮಾಲೀಕರಿಗೆ ಅಂತಲೇ ಒಂದು ಸೆಕ್ಷನ್ ಇದೆ. 1961ರ ಕಾಯ್ದೆಯಲ್ಲಿ ಅದರ ನಂಬರ್ 44ಎಇ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ (ಆದಾಯ ತೆರಿಗೆ ಕಾಯ್ದೆ, 2025) ಬಂದಿದ್ದು, ಸೆಕ್ಷನ್ ನಂಬರ್‌ಗಳು ಬದಲಾಗಿವೆ. ವ್ಯವಸ್ಥೆ ಮಾತ್ರ ಮುಂದುವರಿದಿದೆ. "44ಎಇ" ಅಂದ್ರೆ ಆಡಿಟರ್‌ಗೆ ಈಗಲೂ ಅರ್ಥವಾಗುತ್ತೆ.

ವರ್ಷದಲ್ಲಿ ಯಾವ ಸಮಯದಲ್ಲೂ 10ಕ್ಕಿಂತ ಹೆಚ್ಚು ಸರಕು ಗಾಡಿ ಇಲ್ಲದವರು ಇದರಡಿ ಬರಬಹುದು. ಲೋನ್‌ನಲ್ಲಿರುವ ಗಾಡಿ, ಕಂತು ಇನ್ನೂ ಬಾಕಿ ಇರುವ ಗಾಡಿ ಕೂಡ ಮಾಲೀಕರದ್ದೇ ಅಂತ ಲೆಕ್ಕ. ಆದಾಯ ಹೀಗೆ ಗುಣಿಸುತ್ತಾರೆ:

- ಒಟ್ಟು ತೂಕ (ಆರ್‌ಸಿಯಲ್ಲಿರುವ ಜಿವಿಡಬ್ಲ್ಯು) 12,000 ಕೆಜಿ ಮೀರಿದ ಗಾಡಿಗೆ: ಪ್ರತಿ ಟನ್‌ಗೆ ತಿಂಗಳಿಗೆ 1,000 ರೂ.
- ಅದಕ್ಕಿಂತ ಕಡಿಮೆ ತೂಕದ ಗಾಡಿಗೆ: ತಿಂಗಳಿಗೆ 7,500 ರೂ.

ಆರ್‌ಸಿಯಲ್ಲಿ 28,000 ಕೆಜಿ ಇರುವ 10 ಚಕ್ರದ ಗಾಡಿ ಅಂದುಕೊಳ್ಳಿ. 28 ಟನ್‌ಗೆ ತಿಂಗಳಿಗೆ 28,000 ರೂ., ವರ್ಷಕ್ಕೆ 3,36,000 ರೂ. ಆದಾಯ. 18.5 ಟನ್‌ನ 6 ಚಕ್ರದ ಗಾಡಿಗೆ ವರ್ಷಕ್ಕೆ 2,22,000 ರೂ. ಊರೊಳಗೆ ಓಡುವ ಮಿನಿ ಗೂಡ್ಸ್ ಗಾಡಿಗೆ 90,000 ರೂ.

ಗಾಡಿ ಅಕ್ಟೋಬರ್ 20ಕ್ಕೆ ಕೊಂಡರೂ ಅಕ್ಟೋಬರ್ ಪೂರ್ತಿ ತಿಂಗಳು ಅಂತಲೇ ಹಿಡಿಯುತ್ತಾರೆ. ಅಂದ್ರೆ ಮಾರ್ಚ್‌ವರೆಗೆ 6 ತಿಂಗಳು.

ನಿಜವಾಗಿ ಇದಕ್ಕಿಂತ ಜಾಸ್ತಿ ಗಳಿಸಿದ್ದು ತೋರಿಸುವುದಾದ್ರೆ ಆ ಜಾಸ್ತಿ ಮೊತ್ತವೇ ಆದಾಯ. ಈ ದಾರಿಯಲ್ಲಿ ಡೀಸೆಲ್, ಟೋಲ್, ಟೈರ್, ಬಡ್ಡಿ, ಸವಕಳಿ ಅಂತ ಬೇರೆ ಬೇರೆಯಾಗಿ ಕಳೆಯೋ ಹಾಗಿಲ್ಲ. ಎಲ್ಲಾ ಕಳೆದೇ ಉಳಿದದ್ದು ಇಷ್ಟು ಅಂತ ಕಾನೂನೇ ಹಿಡಿದುಕೊಂಡಿರುತ್ತೆ. ಹಾಗಾಗಿ ತೆರಿಗೆಗೋಸ್ಕರ ಲೆಕ್ಕದ ಪುಸ್ತಕ ಇಡಲೇಬೇಕು ಅಂತ ಕಡ್ಡಾಯ ಇಲ್ಲ. ಐಟಿಆರ್-4 (ಸುಗಮ್) ಫಾರಂ ಸಾಕು.

ಒಂದು ಎಚ್ಚರಿಕೆ: ಇದು ಗಾಡಿ ಓಡಿಸಿ ಬಂದ ಬಾಡಿಗೆಗೆ ಮಾತ್ರ. ಬೇರೆಯವರ ಗಾಡಿಗೆ ಲೋಡ್ ಕೊಡಿಸಿ ತೆಗೆದುಕೊಂಡ ಬ್ರೋಕರ್ ಕಮಿಷನ್ ಇದರೊಳಗೆ ಬರಲ್ಲ.

ತೆರಿಗೆ ಎಷ್ಟಾಗುತ್ತೆ?

2025-26ರ ಲೆಕ್ಕದಲ್ಲಿ ಹೊಸ ತೆರಿಗೆ ಪದ್ಧತಿಯಡಿ 4 ಲಕ್ಷ ರೂ.ವರೆಗೆ ತೆರಿಗೆಯೇ ಇಲ್ಲ. ಆದಾಯ 12 ಲಕ್ಷದವರೆಗೆ ಇದ್ದರೆ ರಿಯಾಯಿತಿ ಸಿಕ್ಕಿ ಕಟ್ಟಬೇಕಾದದ್ದು ಸೊನ್ನೆ ಆಗುತ್ತೆ. ಮೇಲಿನ 10 ಚಕ್ರದ ಎರಡು ಗಾಡಿ ಇದ್ದರೂ ಆದಾಯ 6,72,000 ರೂ. ಬೇರೆ ಆದಾಯ ಇಲ್ಲದಿದ್ರೆ ತೆರಿಗೆ ಸೊನ್ನೆ. ಆದ್ರೆ ಆದಾಯ 4 ಲಕ್ಷ ದಾಟಿದ ಮೇಲೆ ತೆರಿಗೆ ಸೊನ್ನೆ ಆದರೂ ರಿಟರ್ನ್ ಹಾಕಲೇಬೇಕು. ತಡವಾದರೆ ದಂಡ ಇದೆ: ಆದಾಯ 5 ಲಕ್ಷದೊಳಗಿದ್ದರೆ 1,000 ರೂ., ಮೀರಿದರೆ 5,000 ರೂ.

ಅದೇ ಗಾಡಿ ಐದಿದ್ದರೆ ಕಥೆ ಬೇರೆ. ಆದಾಯ 16,80,000 ರೂ. ಆಗುತ್ತೆ, ತೆರಿಗೆ ಸೆಸ್ ಸೇರಿ 1,41,440 ರೂ. ಐದರಲ್ಲಿ ಎರಡು ಗಾಡಿ ವರ್ಷವಿಡೀ ಲೋಡಿಲ್ಲದೆ ನಿಂತಿದ್ದರೂ ಲೆಕ್ಕ ಇಷ್ಟೇ. ಯಾಕಂದ್ರೆ ಕಾನೂನು ನೋಡೋದು ಗಾಡಿ ಎಷ್ಟು ತಿಂಗಳು ಮಾಲೀಕರ ಹೆಸರಲ್ಲಿತ್ತು ಅನ್ನೋದನ್ನ, ಎಷ್ಟು ದಿನ ಓಡಿತು ಅನ್ನೋದನ್ನಲ್ಲ.

ನಿಜವಾದ ಆದಾಯ ಅದಕ್ಕಿಂತ ಕಡಿಮೆ ಅಂತ ಹೇಳಬೇಕಾದ್ರೆ ಪೂರ್ತಿ ಲೆಕ್ಕದ ಪುಸ್ತಕ ತೋರಿಸಬೇಕು, ಸಿಎ ಹತ್ತಿರ ಆಡಿಟ್ ಕೂಡ ಮಾಡಿಸಬೇಕು. ಏಪ್ರಿಲ್‌ನಿಂದ ಬರೆದಿಡದೇ ಇದ್ದವರು ಮಾರ್ಚ್‌ನಲ್ಲಿ ಆ ದಾರಿ ಹಿಡಿಯೋಕೆ ಆಗಲ್ಲ.

ಟಿಡಿಎಸ್: ತಮ್ಮದೇ ದುಡ್ಡು ಬಿಟ್ಟು ಬರಬೇಡಿ

ಕಂಪನಿಗಳು, ದೊಡ್ಡ ಟ್ರಾನ್ಸ್‌ಪೋರ್ಟ್‌ನವರು ಬಾಡಿಗೆ ಕೊಡುವಾಗ, ಒಂದು ಸಲಕ್ಕೆ 30,000 ರೂ. ಅಥವಾ ವರ್ಷಕ್ಕೆ ಒಟ್ಟು 1 ಲಕ್ಷ ರೂ. ದಾಟಿದರೆ ಟಿಡಿಎಸ್ ಕಡಿತ ಮಾಡಬೇಕು. ಒಬ್ಬ ವ್ಯಕ್ತಿ ಹೆಸರಿನ ಗಾಡಿಗೆ ಅದು ಶೇ 1. ಪ್ಯಾನ್ ಕೊಡದಿದ್ದರೆ ಶೇ 20!

ಆದ್ರೆ 10 ಅಥವಾ ಅದಕ್ಕಿಂತ ಕಡಿಮೆ ಗಾಡಿ ಇರುವವರು ಹಾಗಂತ ಬರೆದುಕೊಟ್ಟು, ಪ್ಯಾನ್ ಕೊಟ್ಟರೆ ಕಡಿತ ಮಾಡುವ ಅಗತ್ಯವೇ ಇಲ್ಲ. ಒಂದು ಪುಟದ ಡಿಕ್ಲರೇಷನ್ ಸಾಕು. ವರ್ಷದ ಶುರುವಿನಲ್ಲೇ ಪ್ರತಿ ಪಾರ್ಟಿಗೂ ಒಂದೊಂದು ಕೊಟ್ಟು, ತಮ್ಮ ಹತ್ತಿರ ಒಂದು ಕಾಪಿ ಇಟ್ಟುಕೊಳ್ಳಬೇಕು.

ಈಗಾಗಲೇ ಕಡಿತ ಆಗಿದ್ದರೆ ಅದು ಹೋದ ದುಡ್ಡಲ್ಲ. ವರ್ಷಕ್ಕೆ 15 ಲಕ್ಷ ರೂ. ಬಾಡಿಗೆಗೆ ಶೇ 1 ಅಂದ್ರೆ 15,000 ರೂ. ತೆರಿಗೆ ಸೊನ್ನೆ ಇದ್ದವರು ರಿಟರ್ನ್ ಹಾಕಿದರೆ ಆ ಹಣ ಬ್ಯಾಂಕ್ ಖಾತೆಗೆ ವಾಪಸ್ ಬರುತ್ತೆ. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ 26ಎಎಸ್ ತೆಗೆದು, ಯಾರು ಎಷ್ಟು ಕಡಿತ ಮಾಡಿದ್ದಾರೆ ಅಂತ ತಮ್ಮ ಪುಸ್ತಕದ ಜೊತೆ ತಾಳೆ ನೋಡಬೇಕು. ಬಾಡಿಗೆ ಚೀಟಿಯಲ್ಲಿ ಹಿಡಿದುಕೊಂಡಿದ್ದಾರೆ, 26ಎಎಸ್‌ನಲ್ಲಿ ಇಲ್ಲ ಅಂದ್ರೆ ಆ ಪಾರ್ಟಿಯನ್ನು ಕೇಳಬೇಕು. ಕೇಳೋಕೆ ತಾರೀಖು, ಮೊತ್ತ ಬರೆದಿಟ್ಟಿರಬೇಕು.

ಒಂದು ಟ್ರಿಪ್‌ಗೆ ಒಂದು ಪುಟ

ಪುಸ್ತಕ ಅಂದ್ರೆ ಕಂಪ್ಯೂಟರ್, ಟ್ಯಾಲಿ ಅಂತ ಹೆದರೋದು ಬೇಡ. 200 ಪುಟದ ಒಂದು ನೋಟ್‌ಬುಕ್ ಸಾಕು. ನಿಯಮ ಒಂದೇ: ಒಂದು ಟ್ರಿಪ್‌ಗೆ ಒಂದು ಪುಟ.

ಪುಟದ ಮೇಲೆ: ಗಾಡಿ ನಂಬರ್, ಹೊರಟ ತಾರೀಖು, ಎಲ್ಲಿಂದ ಎಲ್ಲಿಗೆ, ಮಾಲು ಏನು, ಎಷ್ಟು ಟನ್, ಎಲ್‌ಆರ್ ನಂಬರ್, ಹೊರಡುವಾಗಿನ ಕಿಲೋಮೀಟರ್ ರೀಡಿಂಗ್.

ಎಡಗಡೆ ಬಂದದ್ದು: ಒಪ್ಪಿಕೊಂಡ ಬಾಡಿಗೆ, ಅಡ್ವಾನ್ಸ್, ಬಾಕಿ, ಹಾಲ್ಟಿಂಗ್ ದುಡ್ಡು, ಟಿಡಿಎಸ್ ಹಿಡಿದಿದ್ದರೆ ಅದು.

ಬಲಗಡೆ ಹೋದದ್ದು: ಡೀಸೆಲ್ (ಎಷ್ಟು ಲೀಟರ್, ಎಷ್ಟು ರೂ.), ಟೋಲ್, ಬ್ರೋಕರ್ ಕಮಿಷನ್, ಹಮಾಲಿ, ವೇ ಬ್ರಿಡ್ಜ್, ಚಾಲಕ-ಕ್ಲೀನರ್ ಬಾಟಾ, ಊಟ, ಪಂಕ್ಚರ್, ಬಿಎಸ್-6 ಗಾಡಿಯಾದರೆ ಆಡ್‌ಬ್ಲೂ, ಪಾರ್ಕಿಂಗ್.

ಪುಟದ ಕೆಳಗೆ: ವಾಪಸ್ ಬಂದಾಗಿನ ರೀಡಿಂಗ್, ಬಾಕಿ ಬಾಡಿಗೆ ಬಂದ ತಾರೀಖು.

ಉದಾಹರಣೆಗೆ ಒಂದು ಟ್ರಿಪ್ ನೋಡೋಣ. ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಅಂತ ಹಾಕಿದ್ದು. ದಾವಣಗೆರೆಯಿಂದ ನಾಮಕ್ಕಲ್ ಕಡೆಗೆ ಕೋಳಿ ಆಹಾರಕ್ಕೆ ಮೆಕ್ಕೆಜೋಳ, ಬರುವಾಗ ಒಂದು ರಿಟರ್ನ್ ಲೋಡ್. ಹೋಗುವಾಗ ಬಾಡಿಗೆ 36,000, ಬರುವಾಗ 20,000. ಒಟ್ಟು 56,000 ರೂ.

ಖರ್ಚು: ಹೋಗಿ ಬರಲು 1,040 ಕಿ.ಮೀ., ಲೀಟರ್‌ಗೆ 4 ಕಿ.ಮೀ. ಮೈಲೇಜ್ ಅಂದ್ರೆ 260 ಲೀಟರ್ ಡೀಸೆಲ್, 90 ರೂ. ಲೆಕ್ಕದಲ್ಲಿ 23,400. ಟೋಲ್ 6,000. ಕಮಿಷನ್ 2,000. ಹಮಾಲಿ, ತೂಕ 2,600. ಬಾಟಾ, ಊಟ 3,000. ಪಂಕ್ಚರ್, ಆಡ್‌ಬ್ಲೂ, ಚಿಲ್ಲರೆ 1,500. ಒಟ್ಟು 38,500 ರೂ.

ಉಳಿದದ್ದು 17,500 ರೂ. ತಿಂಗಳಿಗೆ ಇಂಥ ಐದು ಟ್ರಿಪ್ ಅಂದ್ರೆ 87,500. ಬಹಳ ಜನ ಲೆಕ್ಕ ನಿಲ್ಲಿಸೋದು ಇಲ್ಲಿಗೇ. ಮೋಸ ಹೋಗೋದೂ ಇಲ್ಲೇ.

ಟ್ರಿಪ್‌ನಲ್ಲಿ ಕಾಣದ ಖರ್ಚು

ಪುಸ್ತಕದ ಹಿಂದಿನ ಪುಟಗಳಲ್ಲಿ ತಿಂಗಳ ಲೆಕ್ಕ ಬೇರೆ ಇಡಬೇಕು. ಅದೇ ಗಾಡಿಗೆ ಇಎಂಐ 52,000 ರೂ. ಅಂತ ಹಿಡಿಯಿರಿ. ಇನ್ಶೂರೆನ್ಸ್ ವರ್ಷಕ್ಕೆ 60,000 ಅಂದ್ರೆ ತಿಂಗಳಿಗೆ 5,000. ರೋಡ್ ಟ್ಯಾಕ್ಸ್, ಪರ್ಮಿಟ್, ಎಫ್‌ಸಿ ಎಲ್ಲಾ ಸೇರಿ ತಿಂಗಳಿಗೆ 3,000. 10 ಟೈರ್‌ಗೆ 2 ಲಕ್ಷ, 20 ತಿಂಗಳು ಬರುತ್ತೆ ಅಂದ್ರೆ ತಿಂಗಳಿಗೆ 10,000. ಆಯಿಲ್, ಸರ್ವಿಸ್, ಪಾಟಾ, ಬ್ರೇಕ್ ಕೆಲಸ 7,000. ಒಟ್ಟು 77,000 ರೂ.

87,500ರಲ್ಲಿ ಇದನ್ನು ಕಳೆದರೆ ಕೈಯಲ್ಲಿ ಉಳಿಯೋದು 10,500. ಟ್ರಿಪ್‌ಗೆ 17,500 ಉಳಿಯಿತು ಅಂದುಕೊಂಡದ್ದು ನಿಜಕ್ಕೂ 2,100 ರೂ.! ಇನ್ನು "ಖಾಲಿ ಬರೋದಕ್ಕಿಂತ ವಾಸಿ" ಅಂತ ಬಾಡಿಗೆಯಲ್ಲಿ 3,000 ಇಳಿಸಿಕೊಂಡರೆ ಆ ಟ್ರಿಪ್ ಪೂರ್ತಿ ಕೈಯಿಂದಲೇ ಹಾಕಿದ ಹಾಗೆ. ಟೈರ್ ಸವೆಯೋದು ದಿನಾ ಕಾಣಲ್ಲ, ಬದಲಾಯಿಸುವ ದಿನ ಬಂದಾಗ ಸಾಲ ಮಾಡಬೇಕಾಗುತ್ತೆ.

ತೆರಿಗೆ ಲೆಕ್ಕ ಇದಕ್ಕಿಂತ ಸ್ವಲ್ಪ ಬೇರೆ. ಇಎಂಐ ಪೂರ್ತಿ ಖರ್ಚು ಅಲ್ಲ. ಅದರಲ್ಲಿರುವ ಬಡ್ಡಿ ಮಾತ್ರ ಖರ್ಚು, ಅಸಲು ಖರ್ಚಲ್ಲ. ಅದರ ಬದಲು ಸವಕಳಿ ಅಂತ ಕಳೆಯಲು ಅವಕಾಶ ಇದೆ. ಬಾಡಿಗೆಗೆ ಓಡಿಸುವ ಲಾರಿಗೆ ಅದು ವರ್ಷಕ್ಕೆ ಶೇ 30. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಓಡಿದ್ದರೆ ಅರ್ಧ. ಇದೆಲ್ಲಾ ಪುಸ್ತಕ ಇಟ್ಟು, ಆಡಿಟ್ ಮಾಡಿಸಿ ರಿಟರ್ನ್ ಹಾಕುವವರಿಗೆ. ಅವರು ವರ್ಷಕ್ಕೊಮ್ಮೆ ಫೈನಾನ್ಸ್‌ನಿಂದ ಬಡ್ಡಿ-ಅಸಲು ಬೇರೆ ಬೇರೆ ತೋರಿಸುವ ಸ್ಟೇಟ್‌ಮೆಂಟ್ ತೆಗೆದುಕೊಳ್ಳಲೇಬೇಕು.

ಯಾವ ಖರ್ಚು ತೆರಿಗೆಯಲ್ಲಿ ನಡೆಯಲ್ಲ?

ಪುಸ್ತಕದ ದಾರಿ ಹಿಡಿದವರು ಇವನ್ನು ಗಮನಿಸಬೇಕು.

ಓವರ್‌ಲೋಡ್ ದಂಡದಂಥ ಕಾನೂನು ಮುರಿದದ್ದಕ್ಕೆ ಕಟ್ಟಿದ ದಂಡ ಖರ್ಚಾಗಿ ನಡೆಯಲ್ಲ. ದಾರಿಯಲ್ಲಿ ಕೈಬಿಸಿ ಮಾಡಿದ್ದು ಅಂತೂ ಇಲ್ಲವೇ ಇಲ್ಲ. ತಮ್ಮ ತಿಳಿವಳಿಕೆಗೆ ಬರೆದುಕೊಳ್ಳಬಹುದು, ತೆರಿಗೆಯಲ್ಲಿ ಕಳೆಯೋ ಹಾಗಿಲ್ಲ.

ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ಖರ್ಚು ಸಾಮಾನ್ಯವಾಗಿ ನಡೆಯಲ್ಲ. ಬಂಕ್‌ನಲ್ಲಿ 20,000 ರೂ. ಡೀಸೆಲ್ ಹಾಕಿಸಿ ಕ್ಯಾಶ್ ಕೊಡೋದು, ಟೈರ್ ಅಂಗಡಿಗೆ ನೋಟಿನ ಕಟ್ಟು ಕೊಡೋದು ಇದಕ್ಕೇ ಬೇಡ. ಬೇರೆಯವರ ಲಾರಿ ಬಾಡಿಗೆಗೆ ಹಿಡಿದು ಅವರಿಗೆ ಕೊಡುವ ಹಣಕ್ಕೆ ಮಾತ್ರ ಈ ಮಿತಿ 35,000 ರೂ.

ಮನೆ ಖರ್ಚು ಗಾಡಿ ಖರ್ಚಿನಲ್ಲಿ ಸೇರಿಸಬಾರದು. ಗಾಡಿಗೇ ಒಂದು ಬೇರೆ ಬ್ಯಾಂಕ್ ಖಾತೆ ಇಟ್ಟರೆ ಅರ್ಧ ಲೆಕ್ಕ ಬ್ಯಾಂಕೇ ಬರೆದುಕೊಡುತ್ತೆ. ಬಾಡಿಗೆ ಅಲ್ಲಿಗೇ ಬರಲಿ, ಡೀಸೆಲ್, ಕಂತು ಅಲ್ಲಿಂದಲೇ ಹೋಗಲಿ. ಮನೆಗೆ ಬೇಕಾದದ್ದನ್ನು ತಿಂಗಳಿಗೊಮ್ಮೆ ಬೇರೆ ಖಾತೆಗೆ ಹಾಕಿಕೊಳ್ಳಲಿ.

ಆರ್‌ಸಿ ಹೆಂಡತಿ ಅಥವಾ ಅಪ್ಪನ ಹೆಸರಲ್ಲಿದ್ದು, ಬಾಡಿಗೆ ಮಾತ್ರ ಓಡಿಸುವವರ ಖಾತೆಗೆ ಬರುತ್ತಿದ್ದರೆ ಅದನ್ನು ಆಡಿಟರ್‌ಗೆ ಮೊದಲೇ ಹೇಳಬೇಕು. ಟಿಡಿಎಸ್ ಒಬ್ಬರ ಪ್ಯಾನ್‌ನಲ್ಲಿ, ಗಾಡಿ ಇನ್ನೊಬ್ಬರ ಹೆಸರಲ್ಲಿ ಆದ್ರೆ ರೀಫಂಡ್ ಸಿಗೋದು ಕಷ್ಟ.

ಅಳಿಸಿಹೋಗುವ ಚೀಟಿಗೆ ಮೊಬೈಲೇ ಮದ್ದು

ಬಂಕ್, ವೇ ಬ್ರಿಡ್ಜ್‌ನಲ್ಲಿ ಕೊಡೋದು ಹೆಚ್ಚಾಗಿ ಥರ್ಮಲ್ ಪೇಪರ್ ಚೀಟಿ. ಕ್ಯಾಬಿನ್ ಬಿಸಿಗೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸುತ್ತೆ. ಚೀಟಿ ಕೈಗೆ ಬಂದ ಕೂಡಲೇ ಫೋಟೊ ಹೊಡೆದು ಮನೆಯವರ ವಾಟ್ಸ್‌ಆ್ಯಪ್‌ಗೆ ಕಳಿಸಿದರೆ ಎರಡು ಕಡೆ ಉಳಿಯುತ್ತೆ. ಮನೆಯಲ್ಲಿ ಹೆಂಡತಿಯೋ ಓದುವ ಮಕ್ಕಳೋ ಸಂಜೆ ನೋಟ್‌ಬುಕ್‌ಗೆ ಇಳಿಸಬಹುದು. ಬಿಲ್‌ನಲ್ಲಿ ಗಾಡಿ ನಂಬರ್ ಹಾಕಿಸೋದು ಮರೆಯಬಾರದು. ನಂಬರ್ ಇಲ್ಲದ ಡೀಸೆಲ್ ಬಿಲ್ ಯಾರ ಗಾಡಿಯದ್ದು ಅಂತ ಹೇಳೋಕೆ ಆಗಲ್ಲ.

ಟೋಲ್‌ಗೆ ಚೀಟಿ ಕೂಡಿಡುವ ಕಷ್ಟ ಇಲ್ಲ. ಫಾಸ್ಟ್‌ಟ್ಯಾಗ್ ಕೊಟ್ಟ ಬ್ಯಾಂಕಿನ ಆ್ಯಪ್ ಅಥವಾ ವೆಬ್‌ಸೈಟ್‌ನಲ್ಲಿ ತಿಂಗಳ ಸ್ಟೇಟ್‌ಮೆಂಟ್ ಸಿಗುತ್ತೆ. ಯಾವ ದಿನ, ಯಾವ ಟೋಲ್, ಎಷ್ಟು ಗಂಟೆ ಅಂತ ಅದರಲ್ಲೇ ಇರುತ್ತೆ. ಗಾಡಿ ಯಾವಾಗ ಓಡಿತು, ಯಾವಾಗ ನಿಂತಿತ್ತು ಅನ್ನೋದಕ್ಕೂ ಅದು ಸಾಕ್ಷಿ.

ಬಿಲ್ ಸಿಗದ ಖರ್ಚು ಇದ್ದೇ ಇರುತ್ತೆ: ಹಮಾಲಿ, ರಸ್ತೆ ಬದಿ ಪಂಕ್ಚರ್, ಊಟ. ಅದಕ್ಕೆ ಒಂದು ವೋಚರ್ ಬುಕ್ ಇಟ್ಟು ತಾರೀಖು, ಊರು, ಕಾರಣ, ಮೊತ್ತ ಬರೆದು ಹಣ ಪಡೆದವರ ಸಹಿ ಹಾಕಿಸಿಕೊಳ್ಳಬೇಕು. ವರ್ಷದ ಕಾಗದ ಎಲ್ಲಾ ಒಂದು ಫೈಲ್‌ಗೆ ಹಾಕಿ, 8 ವರ್ಷ ಎತ್ತಿಟ್ಟರೆ ಸೇಫ್.

ಸಂಬಳಕ್ಕೆ ಓಡಿಸುವವರಿಗೆ

ಗಾಡಿ ಮಾಲೀಕರಲ್ಲದೆ ಸಂಬಳಕ್ಕೆ ದುಡಿಯುವ ಚಾಲಕರಿಗೆ 44ಎಇ ಬರಲ್ಲ. ಅವರದ್ದು ಸಂಬಳದ ಆದಾಯ. ಡೀಸೆಲ್, ಟೋಲ್‌ಗೆ ಅಂತ ಮಾಲೀಕರು ಕೈಗೆ ಕೊಡುವ ದುಡ್ಡು ಚಾಲಕರ ಆದಾಯ ಅಲ್ಲ. ಆದ್ರೆ ಅದು ಗೂಗಲ್ ಪೇ, ಫೋನ್ ಪೇ ಮೂಲಕ ಚಾಲಕರ ಖಾತೆಗೇ ಬಂದು ಹೋಗುತ್ತಿರುತ್ತೆ. ವರ್ಷಕ್ಕೆ ಲಕ್ಷಗಟ್ಟಲೆ ಓಡಾಡಿದ ಹಾಗೆ ಕಾಣುತ್ತೆ. ನಾಳೆ ಯಾರಾದ್ರೂ ಕೇಳಿದರೆ ಇದು ಗಾಡಿ ಖರ್ಚಿನದ್ದು ಅಂತ ತೋರಿಸೋಕೆ ಚಾಲಕರ ಹತ್ತಿರವೂ ಟ್ರಿಪ್ ಪುಸ್ತಕ ಇರಬೇಕು, ಮಾಲೀಕರ ಸಹಿ ಅದರಲ್ಲಿರಬೇಕು. ಟ್ರಿಪ್ ಮುಗಿದ ಮೇಲೆ "ಎರಡು ಸಾವಿರ ಕಡಿಮೆ ಬಂತಲ್ಲಪ್ಪ" ಅನ್ನುವ ಮಾತಿಗೂ ಅದೇ ಉತ್ತರ.

ಪುಸ್ತಕ ನಿಜಕ್ಕೂ ಬೇಕಾಗುವ ದಿನ

ಬ್ಯಾಂಕ್‌ನಲ್ಲಿ ಎರಡನೇ ಗಾಡಿಗೆ ಅಥವಾ ಮನೆಗೆ ಸಾಲ ಕೇಳಿದರೆ ಮೊದಲು ಕೇಳೋದು ಎರಡು-ಮೂರು ವರ್ಷದ ಐಟಿಆರ್. ಅದಿಲ್ಲದವರು ಜಾಸ್ತಿ ಬಡ್ಡಿಯ ಖಾಸಗಿ ಫೈನಾನ್ಸ್‌ಗೆ ಹೋಗಬೇಕಾಗುತ್ತೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಬೇರೆ ವಾಹನದ ತಪ್ಪಿನಿಂದ ಅಪಘಾತವಾಗಿ ಚಾಲಕ ಜೀವ ಕಳೆದುಕೊಂಡರೆ ಅಥವಾ ಇನ್ನು ಗಾಡಿ ಓಡಿಸಲಾಗದ ಹಾಗೆ ಆದರೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಪರಿಹಾರ ಲೆಕ್ಕ ಹಾಕುವಾಗ ನೋಡೋದು ಆತನ ಆದಾಯವನ್ನ. ಐಟಿಆರ್ ಇದ್ದರೆ ಅದು ಗಟ್ಟಿ ದಾಖಲೆ. ಏನೂ ಇಲ್ಲದಿದ್ದರೆ ಒಂದು ಅಂದಾಜು ಆದಾಯ ಹಿಡಿಯುತ್ತಾರೆ. ಆ ಅಂದಾಜನ್ನು ವರ್ಷಗಳ ಲೆಕ್ಕಕ್ಕೆ ಗುಣಿಸುವುದರಿಂದ ತಿಂಗಳಿಗೆ ಕೆಲವು ಸಾವಿರ ಕಡಿಮೆ ಹಿಡಿದರೂ ಮನೆಯವರಿಗೆ ಲಕ್ಷಗಳಲ್ಲಿ ನಷ್ಟ. ಅಪಘಾತ ಆದ ಮೇಲೆ ಅವಸರದಲ್ಲಿ ಹಾಕಿದ ರಿಟರ್ನ್‌ಗೆ ಅಷ್ಟು ಬೆಲೆ ಸಿಗಲ್ಲ. ತೆರಿಗೆ ಸೊನ್ನೆ ಇದ್ದರೂ ಪ್ರತಿ ವರ್ಷ ರಿಟರ್ನ್ ಹಾಕಿ ಅಂತ ಆಡಿಟರ್‌ಗಳು ಹೇಳುವುದಕ್ಕೆ ಇದೂ ಒಂದು ಕಾರಣ.

ಅದಕ್ಕೇ ಪುಸ್ತಕ, ಐಟಿಆರ್ ಕಾಪಿ, ಇನ್ಶೂರೆನ್ಸ್, ಆರ್‌ಸಿ ಜೆರಾಕ್ಸ್ ಇವೆಲ್ಲಾ ಗಾಡಿಯಲ್ಲಿ ಮಾತ್ರ ಇದ್ದರೆ ಸಾಲದು. ಗಾಡಿಗೇ ಏನಾದರೂ ಆದರೆ ದಾಖಲೆಯೂ ಅದರ ಜೊತೆಗೇ ಹೋಗುತ್ತೆ. ಮನೆಯಲ್ಲಿ ಒಂದು ಸೆಟ್ ಇರಲಿ, ಎಲ್ಲಿದೆ ಅಂತ ಮನೆಯವರಿಗೆ ಗೊತ್ತಿರಲಿ.

ನೆನಪಿಗೆ

- ಟ್ರಿಪ್ ಮುಗಿದ ದಿನ: ಪುಟ ತುಂಬಿಸಿ, ಚೀಟಿಗಳ ಫೋಟೊ ಕಳಿಸಿ.
- ತಿಂಗಳ ಕೊನೆ: ಫಾಸ್ಟ್‌ಟ್ಯಾಗ್, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ತಾಳೆ ನೋಡಿ. ಬಾಕಿ ಬಾಡಿಗೆ ಪಟ್ಟಿ ಮಾಡಿ.
- ಏಪ್ರಿಲ್: ಹೊಸ ನೋಟ್‌ಬುಕ್, ಪ್ರತಿ ಪಾರ್ಟಿಗೆ ಪ್ಯಾನ್ ಜೊತೆ ಡಿಕ್ಲರೇಷನ್.
- ಜೂನ್ ನಂತರ: 26ಎಎಸ್ ನೋಡಿ, ಆಡಿಟರ್ ಹತ್ತಿರ ಆ ವರ್ಷದ ಕೊನೇ ದಿನಾಂಕ ಕೇಳಿ, ಕಾಯದೆ ರಿಟರ್ನ್ ಹಾಕಿ.
- ಗಾಡಿ ನಿಂತರೆ: ನಿಂತ ತಾರೀಖು, ಕಾರಣ, ಗ್ಯಾರೇಜ್ ಬಿಲ್ ಬರೆದಿಡಿ.

ದಿನಕ್ಕೆ ಹತ್ತು ನಿಮಿಷದ ಕೆಲಸ ಇದು. ಲೋಡ್ ಆಗೋವರೆಗೆ ಎಪಿಎಂಸಿ ಗೇಟಿನ ಹತ್ತಿರ ಕಾಯೋದು ಇದ್ದೇ ಇರುತ್ತೆ, ಆಗ ಬರೆದರೂ ಸಾಕು.